ತೀರ ಕಾಣುವ ಕಡಲು

ಕಡಲಿನ ಅಪಾಯವೆಂದರೆ ಒಳನಾಡಿನ ಗೃಹಸ್ಥರ ಮನಸ್ಸಿಗೆ ಮೊದಲು ಬರುವುದು ನಡುಗಡಲು. ನಾಲ್ಕು ದಿಕ್ಕಿಗೂ ನೀರು, ಮೇಲೆ ಆಕಾಶ, ಮನುಷ್ಯನ ಸುಳಿವಿಲ್ಲ. ಭಯವೆಲ್ಲ ಅಲ್ಲಿಯೇ ನೆಲೆಸಿರುವುದೆಂದೂ, ದಡದ ತೆಂಗಿನ ಸಾಲು ಕಣ್ಣಿಗೆ ಕಾಣುತ್ತಿರುವವರೆಗೆ ಚಿಂತಿಸಬೇಕಾದುದಿಲ್ಲವೆಂದೂ ನಮ್ಮಲ್ಲಿ ಬಹುಮಂದಿ ತಿಳಿದಿರುವರು. ಕಡಲನ್ನು ಬಲ್ಲವರು ಹೇಳುವುದು ಇದಕ್ಕೆ ವಿಪರೀತವಾಗಿದೆ. ನಡುಗಡಲಿನಲ್ಲಿ ದೋಣಿಗೆ ತಗಲುವುದಕ್ಕೆ ಬಂಡೆಯಿಲ್ಲ, ಹೂತುಕೊಳ್ಳುವುದಕ್ಕೆ ಮರಳಿಲ್ಲ. ಬಂಡೆ, ಮರಳದಿಬ್ಬ, ಅಳಿವೆಯ ಸೆಳವು, ಎದುರು ಬರುವ ಹಡಗು, ಬಲೆಯ ಹಗ್ಗ, ಇವೆಲ್ಲವೂ ದಡದ ನೆರೆಹೊರೆಯವು. ಆದಕಾರಣವೇ ಬಿರುಗಾಳಿ ಬರುವುದೆಂದು ತಿಳಿದಾಗ, ಬಂದರನ್ನು ಸೇರಲು ಸಮಯವಿಲ್ಲದ ನಾವಿಕನು ಎಷ್ಟೋ ವೇಳೆ ದಡಕ್ಕೆ ಓಡದೆ ದಡದಿಂದ ದೂರ ಓಡುವನು.

೨೦೧೯ನೆಯ ಇಸವಿಯ ಜನವರಿ ೨೧ರಂದು ಕಾರವಾರದೆದುರಿನ ಕೂರ್ಮಗಡ ದ್ವೀಪದ ಜಾತ್ರೆಯಿಂದ ಜನರನ್ನು ಕರೆತರುತ್ತಿದ್ದ ದೋಣಿ ಮಗುಚಿ ೧೬ ಮಂದಿ ತೀರಿಕೊಂಡುದು ನಮ್ಮ ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ಅವರು ದೇವರ ದರ್ಶನಕ್ಕೆ ಹೋದ ಸಂಸಾರಸ್ಥರು, ಮಕ್ಕಳನ್ನು ಜೊತೆಯಲ್ಲಿ ಕಟ್ಟಿಕೊಂಡು ಹೋದವರು. ದೋಣಿ ಮಗುಚಿದ್ದು ದೂರದ ಯಾವುದೋ ಸಾಗರದಲ್ಲಲ್ಲ, ಊರಿನ ಕಣ್ಣೆದುರಿನ ನೀರಿನಲ್ಲಿ. ಇಂತಹ ಸುದ್ದಿಯನ್ನು ಓದಿದ ತಾಯಿತಂದೆಗಳು ಮಗನೋ ಮಗಳೋ ಹಾಯಿದೋಣಿಯ ವಿದ್ಯೆಯನ್ನು ಕಲಿಯಲು ಹೋಗುವೆನೆಂದರೆ ಬೇಡವೆನ್ನುವುದು ಸಹಜ. ಆದರೆ ಆ ಸುದ್ದಿಯಿಂದಲೇ ಇನ್ನೊಂದು ತೀರ್ಮಾನಕ್ಕೂ ಬರಬಹುದೆಂಬುದು ನಮ್ಮ ಎಣಿಕೆ. ಕರಾವಳಿಯ ತರಬೇತಿಯಾನದಲ್ಲಿ ಏನನ್ನು ಕಲಿಸುವರೆಂಬುದನ್ನು ಈ ತಿಂಗಳು ಸ್ವಲ್ಪ ವಿಸ್ತಾರವಾಗಿ ಬರೆಯಲು ಅದೇ ಕಾರಣ.

ತರಬೇತಿಯಾನವೆಂದರೆ ಮೋಜಿನ ವಿಹಾರವಲ್ಲ. ಮೂವತ್ತು ನಲವತ್ತು ಅಡಿ ಉದ್ದದ ಹಾಯಿದೋಣಿ, ಅದರಲ್ಲಿ ಒಬ್ಬ ಶಿಕ್ಷಕ, ನಾಲ್ಕೈದು ಮಂದಿ ಶಿಷ್ಯರು. ಐದಾರು ದಿನ ಬಂದರಿನಿಂದ ಬಂದರಿಗೆ ತೀರದ ಗುಂಟ ಸಾಗುವುದು. ಅಡಿಗೆ, ಊಟ, ನಿದ್ರೆ ಎಲ್ಲವೂ ದೋಣಿಯಲ್ಲಿಯೇ. ಮೊದಲ ದಿನ ಶಿಕ್ಷಕನೇ ಎಲ್ಲವನ್ನೂ ಮಾಡಿ ತೋರಿಸುವನು. ಕಡೆಯ ದಿನ ಅವನು ಕೈಕಟ್ಟಿ ಕುಳಿತಿರುವನು. ನಮ್ಮ ದೇಶದಲ್ಲಿ ಮುಂಬಯಿ, ಗೋವೆ, ಕೊಚ್ಚಿ, ಮದ್ರಾಸು ಮುಂತಾದೆಡೆಗಳಲ್ಲಿ ಹಾಯಿದೋಣಿಯ ಸಂಘಗಳುಂಟು. ಕಾಲೇಜಿನ ಎನ್.ಸಿ.ಸಿ. ನೌಕಾವಿಭಾಗದ ಹುಡುಗರೂ ಹುಡುಗಿಯರೂ ವ್ಹೇಲರ್ ಎಂಬ, ಹುಟ್ಟಿನಿಂದಲೂ ಹಾಯಿಯಿಂದಲೂ ನಡೆಯುವ ತೆರೆದ ದೋಣಿಗಳಲ್ಲಿ ಹಲವು ದಿನಗಳ ಯಾನವನ್ನು ಕೈಗೊಳ್ಳುವರು. ನೌಕಾಪಡೆಯವರಾದರೋ ಇದಕ್ಕೆಂದೇ ಮೂರು ಕೂವೆಕಂಬಗಳ ಎರಡು ದೊಡ್ಡ ಹಾಯಿಹಡಗುಗಳನ್ನು ಗೋವೆಯ ಹಡಗುಕಟ್ಟೆಯಲ್ಲಿ ಕಟ್ಟಿಸಿರುವರು. ೧೯೯೭ರಲ್ಲಿ ಪಡೆಗೆ ಸೇರಿದ ತರಂಗಿಣಿ ಒಂದು, ೨೦೧೨ರಲ್ಲಿ ಸೇರಿದ ಸುದರ್ಶಿನಿ ಇನ್ನೊಂದು. ಕ್ಷಿಪಣಿಗಳನ್ನು ಹಾರಿಸುವ ಹಡಗುಗಳನ್ನು ನಡೆಸಬೇಕಾದ ತರುಣರನ್ನು ಮೊದಲು ಹಗ್ಗ ಎಳೆಯಲು ಹಚ್ಚುವುದೇಕೆಂದು ಕೇಳಬಹುದು. ಯಂತ್ರದ ಹಡಗಿನಲ್ಲಿ ಗಾಳಿಯನ್ನು ಲೆಕ್ಕಿಸದೆ ಇರಬಹುದು, ಹಾಯಿಯ ಹಡಗಿನಲ್ಲಿ ಗಾಳಿಯನ್ನು ಮರೆತವನಿಗೆ ಕೂಡಲೇ ಉತ್ತರ ಸಿಕ್ಕುವುದು. ಇಷ್ಟೇ ಕಾರಣ.

ಕಲಿಕೆ ಆರಂಭವಾಗುವುದು ಮೇಜಿನ ಮೇಲೆ, ನಕ್ಷೆಯಿಂದ. ಕಡಲ ನಕ್ಷೆಯಲ್ಲಿ ನೆಲದ ಭಾಗ ಬಹುಮಟ್ಟಿಗೆ ಬರಿದಾಗಿದ್ದು, ನೀರಿನ ಭಾಗದ ತುಂಬ ಅಂಕಿಗಳಿರುವುವು. ಪ್ರತಿಯೊಂದು ಅಂಕಿಯೂ ಆ ಸ್ಥಳದ ಆಳ. ಅದೂ ಇಳಿತದ ಕಾಲದ ಕನಿಷ್ಠ ನೀರಿನಿಂದ ಎಣಿಸಿದ್ದು, ಏಕೆಂದರೆ ನಕ್ಷೆ ಮಾಡುವವನು ಕೆಟ್ಟುದನ್ನೇ ಊಹಿಸತಕ್ಕವನು. ತಳದಲ್ಲಿ ಕೆಸರೋ ಮರಳೋ ಬಂಡೆಯೋ ಎಂಬುದಕ್ಕೂ ಅಕ್ಷರಗಳ ಗುರುತುಂಟು. ಲಂಗರು ಕೆಸರನ್ನು ಕಚ್ಚುವುದು, ಬಂಡೆಯ ಮೇಲೆ ಜಾರುವುದು, ಆದುದರಿಂದ ರಾತ್ರಿ ನಿದ್ರೆ ಬರಬೇಕಾದರೆ ಈ ಅಕ್ಷರಗಳನ್ನು ಓದಿಯೇ ಲಂಗರು ಬಿಡತಕ್ಕದ್ದು. ವಿನೋದದ ಮಾತೊಂದನ್ನು ಇಲ್ಲಿ ಹೇಳಬೇಕು: ನಮ್ಮ ದೇಶದ ಕಡಲ ನಕ್ಷೆಗಳೆಲ್ಲ ಹೊರಡುವುದು ಡೆಹರಾಡೂನಿನಿಂದ! ಹಿಮಾಲಯದ ತಪ್ಪಲಿನ ಆ ಊರಿನಲ್ಲಿ ರಾಷ್ಟ್ರೀಯ ಜಲಮಾಪನ ಕಚೇರಿಯಿರುವುದು. ಅಲೆಯ ಸದ್ದು ಎಂದಿಗೂ ಕೇಳದ ಕೋಣೆಗಳಲ್ಲಿ ನಮ್ಮ ಬಂದರುಗಳ ಆಳ ಅಚ್ಚಾಗುವುದು.

ನಕ್ಷೆಯ ಮೇಲೆ ದೂರವನ್ನು ಅಳೆಯುವ ಕ್ರಮ ಬಹು ಸುಂದರವಾಗಿದೆ. ಒಂದು ಅಂಶದ ಅರವತ್ತನೆಯ ಒಂದು ಭಾಗಕ್ಕೆ ನಮ್ಮ ಜ್ಯೋತಿಷಿಗಳು ಕಲೆಯೆಂದು ಹೆಸರಿಟ್ಟಿರುವರಷ್ಟೆ. ಅಕ್ಷಾಂಶದ ಒಂದು ಕಲೆಯೇ ಕಡಲಿನ ಒಂದು ಮೈಲಿ, ಅಂದರೆ ೧೮೫೨ ಮೀಟರು. ಕಾರವಾರವಿರುವುದು ಸುಮಾರು ೧೪ ಅಂಶ ೪೮ ಕಲೆಯಲ್ಲಿ; ಮಂಗಳೂರು ಸುಮಾರು ೧೨ ಅಂಶ ೫೨ ಕಲೆಯಲ್ಲಿ. ಕಳೆದರೆ ೧೧೬ ಕಲೆ. ಆದುದರಿಂದ ಉತ್ತರದಕ್ಷಿಣವಾಗಿ ನೋಡಿದರೆ ಒಂದಕ್ಕೊಂದು ೧೧೬ ಕಡಲ ಮೈಲಿ. ಕೈವಾರವನ್ನು ನಕ್ಷೆಯ ಬಲ ಎಡ ಅಂಚಿನ ಮೇಲಿಟ್ಟು ಅಳೆಯಬೇಕು. ಮೇಲಿನ ಅಂಚಿನ ಮೇಲಿಟ್ಟರೆ ಲೆಕ್ಕ ತಪ್ಪುವುದು, ಏಕೆಂದರೆ ರೇಖಾಂಶದ ಕಲೆ ಧ್ರುವದ ಕಡೆಗೆ ಹೋದಂತೆ ಕಿರಿದಾಗುತ್ತ ಹೋಗುವುದು.

ಎರಡನೆಯ ಗುರು ದಿಕ್ಸೂಚಿ. ಅದರ ಮುಳ್ಳು ನಿಜವಾದ ಉತ್ತರವನ್ನು ತೋರಿಸುವುದಿಲ್ಲವೆಂಬುದನ್ನು ಶಾಲೆಯ ಹುಡುಗರೂ ಬಲ್ಲರು. ನಮ್ಮ ಪಶ್ಚಿಮ ತೀರದ ಪುಣ್ಯವೆಂದರೆ ಇಲ್ಲಿ ಈ ಅಂತರ ಎರಡು ಅಂಶಕ್ಕಿಂತ ಕಡಿಮೆ. ಬೇರೆ ಸಾಗರಗಳಲ್ಲಿ ಇಪ್ಪತ್ತು ಅಂಶವನ್ನು ಮೀರುವ ಪ್ರದೇಶಗಳುಂಟು. ಆದರೆ ದೋಣಿಯೊಳಗಿನ ಕಬ್ಬಿಣವು ಮುಳ್ಳನ್ನು ಬೇರೆಯಾಗಿ ಸೆಳೆಯುವುದು. ಯಾರೋ ಒಬ್ಬ ಶಿಷ್ಯನು ಚುಕ್ಕಾಣಿ ಹಿಡಿಯಲು ಬರುವಾಗ ಚಾಕುವನ್ನೋ ಮೊಬೈಲನ್ನೋ ದಿಕ್ಸೂಚಿಯ ಪಕ್ಕದಲ್ಲಿಟ್ಟರೆ ಸಾಕು, ದೋಣಿ ಬೇರೊಂದು ಊರಿಗೆ ಹೊರಟಂತಾಗುವುದು.

ಇನ್ನು ನಾವು ಈ ವಿದ್ಯೆಯ ತಿರುಳೆಂದು ಎಣಿಸಿರುವ ಭಾಗಕ್ಕೆ ಬರೋಣ. ದೋಣಿಯ ದಿಕ್ಕು ಗೊತ್ತಿದೆ, ವೇಗ ಗೊತ್ತಿದೆ, ಹೊರಟು ಎಷ್ಟು ಹೊತ್ತಾಯಿತೆಂಬುದು ಗೊತ್ತಿದೆ. ಹಾಗಾದರೆ ಈಗ ಎಲ್ಲಿದ್ದೇವೆ? ಗಂಟೆಗೆ ಐದು ಮೈಲಿಯಂತೆ ಮೂರು ಗಂಟೆ ದಕ್ಷಿಣಕ್ಕೆ ಸಾಗಿದ ದೋಣಿ ಹದಿನೈದು ಮೈಲಿ ದಕ್ಷಿಣದಲ್ಲಿರಬೇಕು. ಹಿಂದಿನ ಕಾಲದಲ್ಲಿ ವೇಗವನ್ನು ಅಳೆಯಲು ಗಂಟುಹಾಕಿದ ಹಗ್ಗದ ತುದಿಗೆ ಮರದ ಹಲಗೆಯನ್ನು ಕಟ್ಟಿ ನೀರಿಗೆ ಬಿಟ್ಟು, ೨೮ ಸೆಕೆಂಡಿನ ಮರಳುಗಡಿಯಾರ ಬರಿದಾಗುವಷ್ಟರಲ್ಲಿ ಎಷ್ಟು ಗಂಟು ಕೈಯಿಂದ ಜಾರಿದುವೆಂದು ಎಣಿಸುತ್ತಿದ್ದರು. ಗಂಟಿಗೂ ಗಂಟಿಗೂ ಸುಮಾರು ೪೭ ಅಡಿ. ಇಂದಿಗೂ ಹಡಗಿನ ವೇಗವನ್ನು ‘ನಾಟ್’, ಅಂದರೆ ಗಂಟು, ಎಂದೇ ಹೇಳುವುದು ಇದರಿಂದ ಬಂದ ರೂಢಿ.

ಆದರೆ ಹದಿನೈದು ಮೈಲಿಯೆಂದು ನಕ್ಷೆಯ ಮೇಲೆ ಚುಕ್ಕಿಯಿಟ್ಟ ಶಿಷ್ಯನನ್ನು ಶಿಕ್ಷಕನು ಬಿಡುವುದಿಲ್ಲ. ನೀರು ತಾನೇ ಹರಿಯುತ್ತಿರುವುದಲ್ಲವೆ? ಗಂಟೆಗೆ ಒಂದು ಮೈಲಿಯಷ್ಟು ಪ್ರವಾಹ ದಡದ ಕಡೆಗಿದ್ದರೆ ಮೂರು ಗಂಟೆಯಲ್ಲಿ ದೋಣಿ ಮೂರು ಮೈಲಿ, ಅಂದರೆ ಐದೂವರೆ ಕಿಲೋಮೀಟರು, ದಡದತ್ತ ಸರಿದಿರುವುದು. ಚುಕ್ಕಾಣಿ ಹಿಡಿದವನಿಗೆ ಇದರ ಅರಿವೇ ಆಗುವುದಿಲ್ಲ. ದೋಣಿಯ ಮೂತಿ ದಕ್ಷಿಣಕ್ಕೇ ಇತ್ತು, ಮುಳ್ಳೂ ದಕ್ಷಿಣವನ್ನೇ ತೋರಿಸುತ್ತಿತ್ತು. ಆದಕಾರಣ ಒಳ್ಳೆಯ ಶಿಷ್ಯನು ಚುಕ್ಕಿಯ ಸುತ್ತ ಒಂದು ವರ್ತುಲವನ್ನು ಬರೆಯಲು ಕಲಿಯುವನು: ಈ ವರ್ತುಲದೊಳಗೆ ಎಲ್ಲಿಯೋ ಇದ್ದೇವೆ, ಇಂತಹ ಸ್ಥಳದಲ್ಲಿಯೇ ಇದ್ದೇವೆಂದು ಹೇಳಲಾರೆವು. ಹೊತ್ತು ಕಳೆದಂತೆ ವರ್ತುಲ ದೊಡ್ಡದಾಗುತ್ತ ಹೋಗುವುದು. ವರ್ತುಲದ ಅಂಚು ನಕ್ಷೆಯ ಬಂಡೆಯೊಂದನ್ನು ಮುಟ್ಟಿದ ಕೂಡಲೇ, ಬಂಡೆ ಕಾಣದಿದ್ದರೂ, ದೋಣಿಯನ್ನು ತಿರುಗಿಸತಕ್ಕದ್ದು. ತನಗೆ ಎಷ್ಟು ತಿಳಿಯದೆಂಬುದನ್ನು ಅಳತೆಮಾಡಿ ಕಾಗದದ ಮೇಲೆ ಬರೆದಿಡುವ ಇಂತಹ ಅಭ್ಯಾಸವನ್ನು ನಾವು ಬೇರೆ ಯಾವ ಪಾಠಶಾಲೆಯಲ್ಲಿಯೂ ಕಂಡುದಿಲ್ಲ.

ಉಪಗ್ರಹಗಳು ಕ್ಷಣಕ್ಷಣಕ್ಕೂ ಸ್ಥಳವನ್ನು ತಿಳಿಸುತ್ತಿರುವಾಗ ಇದೆಲ್ಲ ಏತಕ್ಕೆಂದು ತರುಣರು ಕೇಳುವರು. ಉಪಗ್ರಹದ ಯಂತ್ರವು ಬಹು ಉಪಯುಕ್ತವಾದುದು, ತರಬೇತಿಯ ದೋಣಿಗಳಲ್ಲಿಯೂ ಅದು ಇದ್ದೇ ಇರುವುದು. ಅದು ದೋಣಿಯ ಸ್ಥಾನವನ್ನು ಕೆಲವೇ ಮೀಟರುಗಳ ಒಳಗೆ ಹೇಳುವುದು. ಆದರೆ ಬಂಡೆಯ ಸ್ಥಾನವನ್ನು ಅದು ಹೇಳುವುದಿಲ್ಲ. ಬಂಡೆ ನಕ್ಷೆಯಲ್ಲಿ ಇರುವುದು, ನಕ್ಷೆ ಎಂದೋ ಅಳೆದದ್ದು. ಬ್ಯಾಟರಿಗೆ ಉಪ್ಪುನೀರು ತಗಲಿದ ಮೇಲೆ ಆಗುವುದನ್ನು ಹೇಳಬೇಕಾದುದಿಲ್ಲ. ಶಿಕ್ಷಕರಲ್ಲಿ ಕೆಲವರು ಮೂರನೆಯ ದಿನ ಯಂತ್ರದ ಮೇಲೆ ಬಟ್ಟೆ ಹೊದಿಸಿಬಿಡುವರು.

ವರ್ತುಲವನ್ನು ಕಿರಿದುಮಾಡಿಕೊಳ್ಳುವ ಉಪಾಯ ದಡದಲ್ಲಿಯೇ ಇದೆ. ದಿಕ್ಸೂಚಿಯ ಮೂಲಕ ಒಂದು ದೀಪಸ್ತಂಭವನ್ನು ನೋಡಿ ಅದರ ದಿಕ್ಕನ್ನು ನಕ್ಷೆಯ ಮೇಲೆ ಗೆರೆಯಾಗಿ ಎಳೆದರೆ ದೋಣಿ ಆ ಗೆರೆಯ ಮೇಲೆ ಎಲ್ಲಿಯೋ ಇರಬೇಕು. ಇನ್ನೊಂದು ಗುಡ್ಡವನ್ನು ನೋಡಿ ಇನ್ನೊಂದು ಗೆರೆ ಎಳೆದರೆ ಎರಡೂ ಕೂಡುವ ಜಾಗವೇ ದೋಣಿಯ ಜಾಗ. ಮೂರನೆಯ ಗೆರೆ ಎಳೆದರೆ ಮೂರೂ ಒಂದೇ ಬಿಂದುವಿನಲ್ಲಿ ಕೂಡುವುದು ಅಪರೂಪ. ಚಿಕ್ಕದೊಂದು ತ್ರಿಕೋಣ ಏಳುವುದು. ತ್ರಿಕೋಣ ಚಿಕ್ಕದಾದರೆ ಸಂತೋಷ, ದೊಡ್ಡದಾದರೆ ಮೂರರಲ್ಲಿ ಯಾವುದೋ ಒಂದು ಸುಳ್ಳು ಹೇಳುತ್ತಿದೆ. ಕಾರವಾರದಿಂದ ಕೆಳಗೆ ಬರುವವನಿಗೆ ಇಂತಹ ಸಾಕ್ಷಿಗಳಿಗೆ ಬರವಿಲ್ಲ: ದೇವಗಡ ದ್ವೀಪದ ದೀಪಸ್ತಂಭ, ಹೊನ್ನಾವರದ ಬಳಿಯ ಬಸವರಾಜದುರ್ಗ, ಮುರ್ಡೇಶ್ವರಕ್ಕೆ ಸುಮಾರು ೧೯ ಕಿಲೋಮೀಟರು ಪಶ್ಚಿಮದಲ್ಲಿ ನೀರಿನಿಂದ ಎದ್ದಿರುವ ನೇತ್ರಾಣಿ, ಮಲ್ಪೆಯೆದುರಿನ ಸೇಂಟ್ ಮೇರಿ ದ್ವೀಪಗಳು, ಅದಕ್ಕೂ ಕೆಳಗೆ ೧೯೦೧ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ.

ದಿಕ್ಸೂಚಿಯೂ ಬೇಡದ ಉಪಾಯವೊಂದುಂಟು. ಹಿಂದಿನ ಗುಡ್ಡದ ತುದಿಯೂ ಮುಂದಿನ ದೇವಸ್ಥಾನದ ಗೋಪುರವೂ ಒಂದೇ ಸಾಲಿಗೆ ಬಂದುವೆಂದರೆ ದೋಣಿ ಆ ಸಾಲಿನ ಮೇಲೆಯೇ ಇದೆ. ಇದರಲ್ಲಿ ಮುಳ್ಳಿನ ತಪ್ಪಿಗೆ ಎಡೆಯೇ ಇಲ್ಲ. ನಮ್ಮ ಮೀನುಗಾರರು ಇದನ್ನು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಹೊನ್ನಾವರದ ಕಡೆಯ ನಮ್ಮ ಪರಿಚಯದ ಮನೆಯೊಂದರಲ್ಲಿ, ಹರೆಯದಲ್ಲಿ ಮಚ್ವೆಯ ತಂಡೇಲನಾಗಿದ್ದ ಅಜ್ಜನೂ ನೌಕಾವಿಭಾಗದ ಯಾನವನ್ನು ಮುಗಿಸಿ ಬಂದ ಮೊಮ್ಮಗಳೂ ಮಾತನಾಡುತ್ತಿದ್ದುದನ್ನು ನಾವು ಕೇಳಿದೆವು. ಅವಳು ನಕ್ಷೆ, ಕೈವಾರ, ಗೆರೆಗಳ ವಿಷಯವನ್ನೆಲ್ಲ ಉತ್ಸಾಹದಿಂದ ಹೇಳಿದಳು. ಅಜ್ಜನು ಕೇಳಿದ್ದು ಒಂದೇ:

“ಅಳಿವೆ ಹತ್ರ ನೀರು ಯಾವ ಬಣ್ಣ ಇತ್ತೇ, ತಂಗೀ?”

“ಬಣ್ಣ ನೋಡೂಕೆ ಹೊತ್ತೆಲ್ಲಿತ್ತು ಅಜ್ಜಾ? ನಾನು ನಕ್ಷೆ ನೋಡ್ತಾ ಇದ್ದೆ.”

“ನಕ್ಷೆ ನೋಡು, ಬೇಡ ಅಂದವರ್ಯಾರು? ಆದ್ರೆ ಅದನ್ನ ಬರೆದವ ಯಾವಾಗ ಬಂದು ಹೋದನೋ. ಅಳಿವೆ ಮರಳು ಪ್ರತಿ ಮಳೆಗಾಲಕ್ಕೂ ಜಾಗ ಬದಲು ಮಾಡ್ತದೆ.”

ಮುಂದಿನ ಯಾನದಲ್ಲಿ ಅವಳು ಬಣ್ಣವನ್ನೂ ಬರೆದುಕೊಂಡು ಬಂದಳೆಂದು ಕೇಳಿದೆವು. ಪುಸ್ತಕದ ವಿದ್ಯೆಗೂ ಅಜ್ಜನ ವಿದ್ಯೆಗೂ ಜಗಳವಿಲ್ಲ. ಹಳೆಯ ನಾವಿಕರು ಆಳವನ್ನು ಅಳೆಯುವ ಸೀಸದ ಗುಂಡಿನ ಬುಡಕ್ಕೆ ಕೊಬ್ಬನ್ನು ಮೆತ್ತಿ ಇಳಿಬಿಡುತ್ತಿದ್ದರು. ಮೇಲಕ್ಕೆಳೆದಾಗ ಅದಕ್ಕೆ ಅಂಟಿಬಂದ ಮರಳನ್ನೋ ಕೆಸರನ್ನೋ ನೋಡಿ ಎಲ್ಲಿದ್ದೇವೆಂದು ಊಹಿಸುತ್ತಿದ್ದರು. ನಕ್ಷೆಯಲ್ಲಿರುವ ಅಕ್ಷರಗಳೂ ಅದೇ ಕೆಲಸವನ್ನು ಮಾಡುವುವು.

ಉಬ್ಬರ ಇಳಿತಗಳ ಪಾಠದಲ್ಲಿ ನಮ್ಮ ಗೃಹಿಣಿಯರು ಶಿಕ್ಷಕನಿಗಿಂತ ಮುಂದಿರಬಹುದು. ಗೋಡೆಗೆ ತೂಗುಹಾಕಿದ ಪಂಚಾಂಗವನ್ನು ಓದಬಲ್ಲವರಿಗೆ ಅರ್ಧ ವಿಷಯ ತಿಳಿದಂತೆಯೇ. ಅಮಾವಾಸ್ಯೆ, ಹುಣ್ಣಿಮೆಗಳು ಕಳೆದ ಒಂದೆರಡು ದಿನಗಳಲ್ಲಿ ಉಬ್ಬರ ಹೆಚ್ಚು, ಇಳಿತವೂ ಹೆಚ್ಚು. ಅಷ್ಟಮಿಯ ಸುಮಾರಿನಲ್ಲಿ ಎರಡೂ ಕಡಿಮೆ. ದಿನದಿಂದ ದಿನಕ್ಕೆ ಉಬ್ಬರದ ಹೊತ್ತು ಸುಮಾರು ೫೦ ಮಿನಿಟು ತಡವಾಗುತ್ತ ಹೋಗುವುದು. ನೀರು ಏರುವ ಆರು ಗಂಟೆಗಳಲ್ಲಿ ಎಲ್ಲ ಗಂಟೆಯೂ ಸಮನಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರಕ್ಕೆ ಮೂರು, ನಾಲ್ಕಕ್ಕೆ ಮೂರು, ಐದಕ್ಕೆ ಎರಡು, ಆರಕ್ಕೆ ಒಂದು. ಒಟ್ಟು ಏರಿಕೆ ೧೮೦ ಸೆಂಟಿಮೀಟರಾದರೆ ಮೊದಲ ಗಂಟೆಯಲ್ಲಿ ಬರಿಯ ೧೫, ನಡುವಿನ ಎರಡು ಗಂಟೆಗಳಲ್ಲಿ ೯೦ ಸೆಂಟಿಮೀಟರು. ನಮ್ಮ ತೀರದಲ್ಲಿ ದಿನದ ಎರಡು ಉಬ್ಬರಗಳೂ ಒಂದೇ ಎತ್ತರದವಲ್ಲವಾದುದರಿಂದ ಇದು ಅಂದಾಜೇ ಹೊರತು ಶಾಸನವಲ್ಲ. ಸರಿಯಾದ ಅಂಕಿಗಳಿಗೆ ಮುದ್ರಿತ ಕೋಷ್ಟಕವನ್ನೇ ನೋಡತಕ್ಕದ್ದು. ಗುಜರಾತಿನ ಖಂಭಾತ ಕೊಲ್ಲಿಯಲ್ಲಿ ನೀರು ಹತ್ತು ಮೀಟರು ಏರಿ ಇಳಿಯುವ ಸ್ಥಳಗಳುಂಟು. ಅಲ್ಲಿ ಮಧ್ಯಾಹ್ನ ತೇಲುತ್ತಿದ್ದ ದೋಣಿ ಸಂಜೆಗೆ ಕೆಸರಿನಲ್ಲಿ ಮಲಗಿರುವುದು!

ನಮ್ಮ ಕಡೆಯ ಭಯವಾದರೋ ಅಳಿವೆಯದು. ಹೊಳೆ ಕಡಲನ್ನು ಸೇರುವೆಡೆಯಲ್ಲಿ ಮರಳು ಅಡ್ಡಲಾಗಿ ದಿಬ್ಬಗಟ್ಟಿರುವುದು. ಇಳಿತದ ಕಾಲದಲ್ಲಿ ಹೊಳೆಯ ನೀರು ರಭಸದಿಂದ ಹೊರಕ್ಕೆ ನುಗ್ಗುವುದು. ಅದೇ ಹೊತ್ತಿಗೆ ಪಡುಗಾಳಿಯ ಅಲೆಗಳು ಒಳಕ್ಕೆ ನುಗ್ಗುವುವು. ಎರಡೂ ದಿಬ್ಬದ ಮೇಲಿನ ತೆಳುನೀರಿನಲ್ಲಿ ಎದುರಾಗಿ ಅಲೆಗಳು ಕಡಿದಾಗಿ ಎದ್ದು ಮುರಿಯುವುವು. ಒಂದು ಗಂಟೆಯ ಹಿಂದೆ ಕೊಳದಂತಿದ್ದ ನೀರು ಹೀಗಾಗುವುದು. ಒಳಗೆ ಹೋಗಲು ತಕ್ಕ ಕಾಲ ಉಬ್ಬರ ಏರುತ್ತಿರುವಾಗ. ಆ ಹೊತ್ತು ತಪ್ಪಿದರೆ ಹೊರಗೆ ಆಳದಲ್ಲಿ ಕಾಯತಕ್ಕದ್ದು. ಊರು ಕಾಣುತ್ತಿದೆ, ಹಸಿವಾಗಿದೆ, ಕತ್ತಲಾಗುತ್ತಿದೆ, ದೋಣಿಯಲ್ಲಿ ಯಾರಿಗೋ ವಾಂತಿಯಾಗುತ್ತಿದೆ. ಆದರೂ ಹೊರಗೆ ನಾಲ್ಕು ಗಂಟೆ ಕಾಯುವುದಕ್ಕೆ ಬೇಕಾದ ಮನಸ್ಸನ್ನು ತಯಾರುಮಾಡುವುದೇ ತರಬೇತಿಯ ದೊಡ್ಡ ಕೆಲಸವೆಂದು ನಮಗೆ ತೋರುವುದು. ಪ್ರಯಾಣಿಕರು ಬೇಗ ನಡೆಯೆಂದು ಗದ್ದಲ ಮಾಡುವಾಗ ಆಗದೆಂದು ಹೇಳಬಲ್ಲವನೇ ತಂಡೇಲನು.

ಗಾಳಿಯ ವಿಷಯದಲ್ಲಿಯೂ ಹಾಗೆಯೇ. ಮಳೆಗಾಲ ಕಳೆದ ಮೇಲೆ ನಮ್ಮ ತೀರದಲ್ಲಿ ಬೆಳಗಿನ ಜಾವ ನೆಲದಿಂದ ಕಡಲಿಗೆ ಮೆಲ್ಲನೆ ಮೂಡಗಾಳಿ ಬೀಸುವುದು. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಕಡಲಿನಿಂದ ನೆಲಕ್ಕೆ ಬಲವಾದ ಗಾಳಿ ತಿರುಗುವುದು. ಎರಡನೆಯದು ದೋಣಿಯನ್ನು ದಡದತ್ತ ತಳ್ಳುವ ಗಾಳಿ. ಇಂತಹ ಗಾಳಿಯಲ್ಲಿ ದಡಕ್ಕೂ ದೋಣಿಗೂ ನಡುವೆ ಸಾಕಷ್ಟು ನೀರನ್ನು ಉಳಿಸಿಕೊಳ್ಳಬೇಕು. ಗಾಳಿ ಹೆಚ್ಚುವಂತೆ ಕಂಡಾಗ ಹಾಯಿಯನ್ನು ಮಡಿಸಿ ಚಿಕ್ಕದು ಮಾಡುವರು. ಮಡಿಸಬೇಕೇ ಎಂದು ಮನಸ್ಸಿಗೆ ಮೊದಲು ಬಂದ ಹೊತ್ತೇ ಮಡಿಸುವ ಹೊತ್ತು, ಆಮೇಲೆ ಕೈಗಳಿಗೆ ಬಿಡುವಿರುವುದಿಲ್ಲ.

ರಾತ್ರಿಯ ಯಾನವನ್ನು ನಾವು ಸಂಕ್ಷೇಪವಾಗಿ ಹೇಳುವೆವು. ಪ್ರತಿಯೊಂದು ದೀಪಸ್ತಂಭಕ್ಕೂ ತನ್ನದೇ ಆದ ಮಿನುಗುವ ಲಯವಿದೆ. ಇಷ್ಟು ಸಲ ಮಿಂಚಿ ಇಷ್ಟು ಸೆಕೆಂಡು ಕತ್ತಲು ಎಂಬುದನ್ನು ಗಡಿಯಾರ ಹಿಡಿದು ಎಣಿಸಿದರೆ ದೀಪದ ಹೆಸರು ತಿಳಿಯುವುದು. ಬಂದರಿನೊಳಕ್ಕೆ ಹೋಗುವಾಗ ಎಡಗಡೆಗೆ ಕೆಂಪು ದೀಪದ ತೇಲುಗುರುತು, ಬಲಗಡೆಗೆ ಹಸುರು. ಇದು ನಮ್ಮಲ್ಲಿಯೂ ಯೂರೋಪಿನಲ್ಲಿಯೂ ನಡೆಯುವ ಕ್ರಮ, ಅಮೆರಿಕೆಯಲ್ಲಿ ತಿರುಗುಮುರುಗು. ಎದುರಿನಿಂದ ಬರುವ ಹಡಗಿನ ವಿಷಯದಲ್ಲಿ ಒಂದು ಲಕ್ಷಣವನ್ನು ಮಾತ್ರ ಹೇಳಬೇಕು, ಏಕೆಂದರೆ ಅದು ನಮಗೆ ಬಹಳ ಮೆಚ್ಚಿಗೆಯಾಯಿತು. ದೂರದ ಹಡಗಿನ ದೀಪವನ್ನು ದಿಕ್ಸೂಚಿಯಿಂದ ನೋಡಿ ದಿಕ್ಕನ್ನು ಬರೆದುಕೊಳ್ಳಿರಿ. ಐದು ಮಿನಿಟು ಬಿಟ್ಟು ಮತ್ತೆ ನೋಡಿರಿ. ದಿಕ್ಕು ಸ್ಪಷ್ಟವಾಗಿ ಬದಲಾಗುತ್ತಿದ್ದರೆ ಅದು ಮುಂದೋ ಹಿಂದೋ ಹಾದುಹೋಗುವುದು. ದಿಕ್ಕು ಬದಲಾಗದೆ ದೀಪ ಮಾತ್ರ ಹತ್ತಿರವಾಗುತ್ತಿದ್ದರೆ ಅದು ನಿಮಗೆ ತಾಕುವುದು. ನಿಶ್ಚಲವಾಗಿ, ಸಾಧುವಾಗಿ ಕಾಣುವ ದೀಪವೇ ಕೊಲ್ಲುವ ದೀಪ. ಹಾಯಿದೋಣಿಗೆ ಯಂತ್ರದ ಹಡಗು ದಾರಿ ಬಿಡಬೇಕೆಂದು ೧೯೭೨ರ ಅಂತರರಾಷ್ಟ್ರೀಯ ನಿಯಮವಿದೆ. ಆದರೆ ಕಿರಿದಾದ ಕಾಲುವೆಯಲ್ಲಿಯೇ ಸಾಗಬೇಕಾದ ದೊಡ್ಡ ಹಡಗಿಗೂ, ಬಲೆ ಬೀಸಿರುವ ದೋಣಿಗೂ ಹಾಯಿದೋಣಿಯೇ ಅಡ್ಡಿಯಾಗದಂತಿರಬೇಕೆಂಬುದೂ ಅದೇ ನಿಯಮದಲ್ಲಿದೆ.

ತಾಯಂದಿರು ಓದಲು ಹಿಂಜರಿಯಬಹುದಾದರೂ ಬಿಡಲಾರದ ಪಾಠವೊಂದಿದೆ: ಯಾರಾದರೂ ನೀರಿಗೆ ಬಿದ್ದಾಗ ಮಾಡತಕ್ಕುದು. ಇದನ್ನು ಮನುಷ್ಯರಿಂದಲ್ಲ, ತೇಲುವ ಬುರುಡೆಗೆ ಬಕೆಟ್ಟು ಕಟ್ಟಿ ನೀರಿಗೆಸೆದು ಅಭ್ಯಾಸ ಮಾಡಿಸುವರು. ಎಸೆದವನು ಕೂಗುವನು. ಒಬ್ಬನಿಗೆ ಬೇರೆ ಯಾವ ಕೆಲಸವೂ ಇಲ್ಲ: ಬಿದ್ದುದರ ಕಡೆಗೆ ಕೈನೀಡಿ ತೋರಿಸುತ್ತ, ರೆಪ್ಪೆ ಹೊಡೆಯಲೂ ಅಂಜುವವನಂತೆ ನೋಡುತ್ತ ನಿಲ್ಲುವುದು. ಅಲೆಗಳ ನಡುವೆ ಮನುಷ್ಯನ ತಲೆ ತೆಂಗಿನಕಾಯಿಯಷ್ಟೇ ಕಾಣುವುದು. ಕಣ್ಣು ಒಮ್ಮೆ ಕದಲಿದರೆ ಮತ್ತೆ ಸಿಕ್ಕುವುದು ಕಷ್ಟ. ಇನ್ನೊಬ್ಬನು ತೇಲುಬಳೆಯನ್ನು ಎಸೆಯುವನು. ಚುಕ್ಕಾಣಿಯವನು ದೋಣಿಯನ್ನು ಸುತ್ತಿಸಿ ತಂದು, ಬಕೆಟ್ಟಿನ ಪಕ್ಕದಲ್ಲಿಯೇ ವೇಗವೆಲ್ಲ ಇಳಿದು ನಿಲ್ಲುವಂತೆ ಮಾಡಬೇಕು. ಮೊದಲ ದಿನ ಹತ್ತರಲ್ಲಿ ಎಂಟು ಸಲ ಬಕೆಟ್ಟು ‘ಸಾಯುವುದು’. ಶಿಷ್ಯರು ಮೊದಮೊದಲು ನಗುವರು, ಮೂರನೆಯ ಸಲಕ್ಕೆ ನಗುವುದಿಲ್ಲ. ಅನಂತರ ಲೈಫ್ ಜಾಕೆಟ್ಟನ್ನು ಕಟ್ಟಿಕೊಳ್ಳಿರೆಂದು ಯಾರಿಗೂ ಹೇಳಬೇಕಾಗುವುದಿಲ್ಲವಂತೆ. ರೇಡಿಯೋದಲ್ಲಿ ಹದಿನಾರನೆಯ ಚಾನೆಲ್ ಸಂಕಟದ ಕರೆಗೆ ಮೀಸಲು. ದಡದಲ್ಲಿರುವ ನಾವೂ ನೀವೂ ಅರಿತಿರಬೇಕಾದುದು ಕರಾವಳಿ ರಕ್ಷಣಾ ಪಡೆಯ ೧೫೫೪ ಎಂಬ ದೂರವಾಣಿ ಸಂಖ್ಯೆ.

ಅಡಿಗೆಮನೆಯ ವಿಷಯವನ್ನು ಬರೆಯದೆ ಈ ಪುಟಕ್ಕೆ ಶೋಭೆಯಿಲ್ಲ. ದೋಣಿ ವಾಲಿದರೂ ಒಲೆ ಸಮನಾಗಿರುವಂತೆ ಅದನ್ನು ಎರಡು ತಿರುಗಣೆಗಳ ಮೇಲೆ ತೂಗುಹಾಕಿರುವರು. ಪಾತ್ರೆಯನ್ನು ಅರ್ಧಕ್ಕಿಂತ ಮೇಲೆ ತುಂಬುವುದಿಲ್ಲ. ನಮ್ಮ ಮನೆಗಳಲ್ಲಿ ಉರಿಸುವ ಅನಿಲವೇ ಅಲ್ಲಿಯೂ ಉರಿಯುವುದು. ಆದರೆ ಒಂದು ವ್ಯತ್ಯಾಸವಿದೆ. ಈ ಅನಿಲವು ಗಾಳಿಗಿಂತ ಭಾರವಾದುದು. ಮನೆಯಲ್ಲಿ ಸೋರಿದರೆ ಬಾಗಿಲು ತೆರೆದಿಟ್ಟಾಗ ನೆಲದ ಮೇಲೆ ಹರಿದು ಹೊರಗೆ ಹೋಗುವುದು. ದೋಣಿಯಾದರೋ ಒಂದು ದೊಡ್ಡ ಬೋಗುಣಿ, ಸೋರಿದ ಅನಿಲ ತಳದಲ್ಲಿ ನಿಂತು ಒಂದು ಕಿಡಿಗಾಗಿ ಕಾಯುವುದು. ಆದುದರಿಂದ ಪ್ರತಿ ಸಲವೂ ಒಲೆಯ ಗುಂಡಿಯನ್ನಲ್ಲದೆ ಸಿಲಿಂಡರಿನ ಬಾಯನ್ನೇ ಮುಚ್ಚುವರು. ಈ ಅಭ್ಯಾಸವನ್ನು ಮನೆಗೂ ತರುವ ಮಕ್ಕಳಿಂದ ನಷ್ಟವಿಲ್ಲ. ವಾಂತಿ ಬರುವಂತಾದರೆ ಒಳಗೆ ಮಲಗದೆ ಮೇಲೆ ಬಂದು, ದಿಗಂತವನ್ನು ನೋಡುತ್ತ, ಶುಂಠಿಯ ಚೂರನ್ನು ಬಾಯಲ್ಲಿಟ್ಟುಕೊಂಡು ಚುಕ್ಕಾಣಿ ಹಿಡಿಯುವುದು ಒಳ್ಳೆಯದು. ಕೈಗೆ ಕೆಲಸವಿದ್ದವರಿಗೆ ಹೊಟ್ಟೆಯ ನೆನಪು ಕಡಿಮೆ.

ಹೆಣ್ಣುಮಕ್ಕಳಿಗೆ ಇದು ತಕ್ಕುದೇ ಎಂಬ ಪ್ರಶ್ನೆಗೆ ನಾವು ವಾದದಿಂದ ಉತ್ತರ ಕೊಡಬೇಕಾದ ಕಾಲ ಕಳೆದುಹೋಯಿತು. ೨೦೧೭ರ ಸೆಪ್ಟೆಂಬರ ೧೦ರಂದು ನೌಕಾಪಡೆಯ ಆರು ಮಂದಿ ಸ್ತ್ರೀಯರು ವರ್ತಿಕಾ ಜೋಶಿಯವರ ನಾಯಕತ್ವದಲ್ಲಿ ತಾರಿಣಿಯೆಂಬ ೫೫ ಅಡಿಯ ಹಾಯಿದೋಣಿಯನ್ನೇರಿ ಗೋವೆಯಿಂದ ಹೊರಟು, ಭೂಮಂಡಲವನ್ನು ಸುತ್ತಿ, ೨೦೧೮ರ ಮೇ ೨೧ರಂದು ಗೋವೆಗೇ ಬಂದಿಳಿದರು. ಕಡೆಯ ಭಾಗದಲ್ಲಿ ಚುಕ್ಕಾಣಿಯ ಯಂತ್ರ ಕೆಟ್ಟು ಮಾರಿಷಸ್ಸಿನಲ್ಲಿ ತಂಗಬೇಕಾಯಿತು. ದುರಸ್ತು ಮಾಡಿಸಿಕೊಂಡು ಮುಂದುವರಿದರು. ಅದೇ ದೋಣಿಯಲ್ಲಿ ದಿಲ್ನಾ, ರೂಪಾ ಎಂಬ ಇಬ್ಬರೇ ಸ್ತ್ರೀಯರು ೨೦೨೪ರ ಅಕ್ಟೋಬರ ೨ರಂದು ಹೊರಟು ೨೦೨೫ರ ಮೇ ತಿಂಗಳಲ್ಲಿ ಪ್ರದಕ್ಷಿಣೆಯನ್ನು ಮುಗಿಸಿದರು. ಮೊದಲ ಆರು ಮಂದಿಗೆ ವಿದ್ಯೆ ಕಲಿಸಿದವರು, ೨೦೦೯–೧೦ರಲ್ಲಿ ಒಬ್ಬಂಟಿಯಾಗಿ ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಮಾಡಿದ ಮೊದಲ ಭಾರತೀಯರಾದ ದಿಲೀಪ ದೋಂದೆಯವರು. ಅವರೆಲ್ಲರೂ ಮೊದಲು ಕಲಿತದ್ದು ದಡದ ಹತ್ತಿರದ ನೀರಿನಲ್ಲಿ, ಇದೇ ಗೆರೆ, ಚುಕ್ಕಿ, ಗಂಟುಗಳನ್ನೇ.

ಮಕ್ಕಳನ್ನು ಕಳುಹಿಸಬೇಕೆಂದಿರುವವರು ಸಂಸ್ಥೆಯ ಹೆಸರನ್ನು ನೋಡುವುದಕ್ಕಿಂತ ಕೆಲವು ಪ್ರಶ್ನೆಗಳನ್ನು 
ಕೇಳುವುದು ಮೇಲು. ದೋಣಿಯಲ್ಲಿ ಎಷ್ಟು ಮಂದಿ, ಅಷ್ಟೂ ಮಂದಿಗೆ ಮೈಗೊಪ್ಪುವ ಲೈಫ್ ಜಾಕೆಟ್ಟು ಉಂಟೇ? ಹವೆ ಕೆಟ್ಟಾಗ ಯಾನವನ್ನು ನಿಲ್ಲಿಸಿದ್ದುಂಟೇ, ಎಷ್ಟು ಸಲ? ಎಂದೂ ನಿಲ್ಲಿಸಿಲ್ಲವೆಂದು ಹೆಮ್ಮೆಯಿಂದ ಹೇಳುವವರಲ್ಲಿಗೆ ಕಳುಹಿಸಬೇಡಿರಿ. ಹೊರಡುವ ಹೊತ್ತನ್ನೂ ತಲಪುವ ಬಂದರನ್ನೂ ದಡದಲ್ಲಿ ಯಾರಲ್ಲಿ ಬರೆದಿಡುವರು? ಈಜು ಬಾರದವರನ್ನು ಮೊದಲು ಕೆರೆಯಲ್ಲೋ ಕೊಳದಲ್ಲೋ ಕಲಿಸಿಯೇ ಕಳುಹಿಸತಕ್ಕದ್ದು. ಕಾಲವಾದರೋ ನೂಲಹುಣ್ಣಿಮೆ ಕಳೆದು ಮಳೆ ಪೂರ್ತಿ ಹಿಂದೆಗೆದ ಮೇಲೆ; ಜೂನ್, ಜುಲೈ ತಿಂಗಳುಗಳಲ್ಲಿ ನಮ್ಮ ಯಂತ್ರದ ಮೀನುದೋಣಿಗಳೇ ಕಟ್ಟಳೆಯಂತೆ ದಡದಲ್ಲಿರುವಾಗ ಕಲಿಯುವವರಿಗೆ ಅಲ್ಲಿ ಕೆಲಸವಿಲ್ಲ.

ಜೊತೆಗೆ ಕಳುಹಿಸುವ ಸಾಮಾನು ಸ್ವಲ್ಪವೇ ಇರಲಿ. ಟ್ರಂಕು ಬೇಡ, ಅದನ್ನಿಡಲು ಜಾಗವಿಲ್ಲ; ಮಡಿಚಿಡಬಹುದಾದ ಬಟ್ಟೆಯ ಚೀಲ ಸಾಕು. ಅಂಗಾಲು ಜಾರದ ಪಾದರಕ್ಷೆ, ದಾರ ಕಟ್ಟಿದ ಟೋಪಿ, ಕೊರಳಿಗೆ ಒಂದು ಸೀಟಿ. ಎಣ್ಣೆಯ ತಿಂಡಿಯ ಬದಲು ಹುರಿಗಡಲೆ, ಅವಲಕ್ಕಿ, ಒಣಶುಂಠಿ. ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ಕಿನ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎಲ್ಲಕ್ಕೂ ಅಡಿಯಲ್ಲಿಟ್ಟು, ಕಡೆಯ ದಿನದವರೆಗೂ ಅದನ್ನು ಬಿಚ್ಚಬಾರದೆಂದು ಹೇಳಿ ಕಳುಹಿಸಿರಿ.